ಯಂತ್ರಮೂಲ

ಋಷಿಮೂಲ, ನದೀಮೂಲಗಳನ್ನು ಕೇಳಬಾರದೆಂಬುದು ಹಿಂದಿನಿಂದ ನಡೆದುಬಂದ ಮಾತು. ಯಂತ್ರಮೂಲದ ವಿಷಯದಲ್ಲಿ ಮಾತ್ರ ಈ ಕಟ್ಟಳೆ ನಡೆಯುವುದಿಲ್ಲ. ಹಳೆಯ ಕೊಟ್ಟಿಗೆಯ ಮೂಲೆಯಲ್ಲೋ ಗುಜರಿ ಅಂಗಡಿಯ ರಾಶಿಯಲ್ಲೋ ತುಕ್ಕು ಹಿಡಿದು ಬಿದ್ದ ಮೋಟಾರು ಕಾರಿನ ಎಂಜಿನ್ ಒಂದು ದೊರೆಯಿತೆನ್ನೋಣ. ಅದರ ಹೆಸರಿನ ಫಲಕ ಎಂದೋ ಕಳಚಿಹೋಗಿದೆ. ಅದನ್ನು ಹೊತ್ತಿದ್ದ ಕಾರು ಇಲ್ಲವಾಗಿದೆ. ಈ ಎಂಜಿನ್ನನ್ನು ಯಾರು ಮಾಡಿದರು? ಯಾವ ದೇಶದಲ್ಲಿ, ಯಾವ ವರ್ಷದಲ್ಲಿ ಮಾಡಿದರು? ಇದು ಯಾವ ಕಾರಿಗೆ ಸೇರಿದ್ದಿತು? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಆ ಕಬ್ಬಿಣದ ಗುಡ್ಡೆ ಇತಿಹಾಸದ ಒಂದು ಪುಟವಾಗುತ್ತದೆ. ದೊರೆಯದಿದ್ದರೆ ಅದು ತೂಕಕ್ಕೆ ಮಾರಾಟವಾಗುವ ಸರಕು. ತಪ್ಪು ಉತ್ತರ ದೊರೆತರಂತೂ ಅದು ಇತಿಹಾಸಕ್ಕೂ ಕೊಂಡವನಿಗೂ ಆಗುವ ಮೋಸ.

ಕಾರಿನ ಹೆಸರು ತಿಳಿದರೆ ಎಂಜಿನ್ನಿನ ಹೆಸರೂ ತಿಳಿದಂತಲ್ಲವೆ ಎಂದು ತೋರಬಹುದು. ಹಾಗಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ವಾಹನಕ್ಕೆ ಹಕ್ಕುಪತ್ರವನ್ನು ಪಡೆದ ಬಳಿಕ ಯೂರೋಪು, ಅಮೆರಿಕಗಳಲ್ಲಿ ಕಾರು ತಯಾರಿಸುವ ಕಂಪನಿಗಳು ಸಾಲುಸಾಲಾಗಿ ಹುಟ್ಟಿಕೊಂಡುವು. ಆದರೆ ಅವೆಲ್ಲವೂ ಎಂಜಿನ್ನನ್ನು ತಾವೇ ತಯಾರಿಸಲಿಲ್ಲ. ಪ್ಯಾರಿಸ್ಸಿನ ಬಳಿಯ ದ ದಿಯೋಂ-ಬೂತೋಂ ಸಂಸ್ಥೆಯ ಚಿಕ್ಕ, ಚುರುಕಾದ ಎಂಜಿನ್ನುಗಳನ್ನು ಹತ್ತಾರು ತಯಾರಕರು ಕೊಂಡು ತಮ್ಮ ಗಾಡಿಗಳಿಗೆ ಅಳವಡಿಸಿದರು. ಲೂಯಿ ರೆನೊ 1898ರಲ್ಲಿ ಕಟ್ಟಿದ ಮೊದಲ ಕಾರಿನಲ್ಲಿ ಇದ್ದುದು ಇದೇ ಎಂಜಿನ್. ಅಟ್ಲಾಂಟಿಕ್ ಸಾಗರದಾಚೆ ಅಮೆರಿಕದ ಪಿಯರ್ಸ್ ಕಂಪನಿಯ ಮೊದಲ ಕಾರುಗಳಲ್ಲಿಯೂ ಇದ್ದುದು ಇದೇ. ಮುಂದೆ ಅಮೆರಿಕದ ಕಾಂಟಿನೆಂಟಲ್ ಸಂಸ್ಥೆಯೂ ಇದೇ ರೀತಿ ಅನೇಕ ಕಾರು ಕಂಪನಿಗಳಿಗೆ ಎಂಜಿನ್ ಒದಗಿಸಿತು. ಹೀಗೆ ಕಾರಿನ ಮುಖದ ಮೇಲಿದ್ದ ಹೆಸರು ಒಂದು, ಅದರ ಎದೆಯಲ್ಲಿ ಮಿಡಿಯುತ್ತಿದ್ದ ಯಂತ್ರದ ಹೆಸರು ಇನ್ನೊಂದು. ಇದಲ್ಲದೆ ಕಾರು ಸವೆದ ಮೇಲೆ ಅದರ ಎಂಜಿನ್ನನ್ನು ಬಿಚ್ಚಿ ನೀರೆತ್ತುವುದಕ್ಕೂ ಮರ ಕೊಯ್ಯುವುದಕ್ಕೂ ಬಳಸಿದವರುಂಟು. ಕೆಟ್ಟ ಎಂಜಿನ್ನನ್ನು ತೆಗೆದು ಬೇರೊಂದನ್ನು ಕೂರಿಸಿದವರುಂಟು.

ಇಂಥ ಎಂಜಿನ್ನಿನ ಮೂಲವನ್ನು ಅರಿಯುವ ಬಗೆ ಶಾಸನಗಳನ್ನು ಓದುವ ಬಗೆಗೆ ಬಹಳಮಟ್ಟಿಗೆ ಸಮೀಪವಾದುದು. ಶಾಸನದಲ್ಲಿ ಬರೆದಿರುವುದೆಲ್ಲ ನಿಜವೆಂದು ವಿದ್ವಾಂಸರು ಒಪ್ಪುವುದಿಲ್ಲ. ಲಿಪಿಯ ರೂಪ, ಭಾಷೆ, ತಿಥಿವಾರಗಳ ಲೆಕ್ಕ, ಹೇಳಿರುವ ರಾಜನ ಕಾಲ ಇವೆಲ್ಲ ಒಂದಕ್ಕೊಂದು ಹೊಂದುವುವೆ ಎಂದು ನೋಡುತ್ತಾರೆ. ಹೊಂದದಿದ್ದರೆ ಅದು ಕೂಟಶಾಸನ. ಗಂಗರಸರ ಹೆಸರಿನಲ್ಲಿರುವ ಹಲವು ತಾಮ್ರಶಾಸನಗಳನ್ನು ಈ ಪರೀಕ್ಷೆಯಿಂದಲೇ ಕೂಟವೆಂದು ಹೇಳಲಾಗಿದೆ. ಎಂಜಿನ್ನಿಗೂ ಇಂಥ ಪರೀಕ್ಷೆ ಬೇಕು.

ಮೊದಲ ಕೆಲಸ ಶುಚಿಗೊಳಿಸುವುದು. ದಶಕಗಳ ಜಿಡ್ಡು ಮಣ್ಣುಗಳ ಕೆಳಗೆ ಅಕ್ಷರ, ಅಂಕಿಗಳು ಹುದುಗಿರುತ್ತವೆ. ಅವಸರಪಟ್ಟು ಅರದಿಂದ ಉಜ್ಜಿದರೆ, ಸಾಣೆ ಹಿಡಿದರೆ, ತುಕ್ಕಿನ ಜೊತೆಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಆದುದರಿಂದ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ, ಮೆತ್ತನೆಯ ಕುಂಚ ಇವೇ ಇಲ್ಲಿ ತಕ್ಕ ಉಪಕರಣಗಳು.

ಶುಚಿಯಾದ ಎಂಜಿನ್ನಿನ ಮೇಲೆ ಮೂರು ಬಗೆಯ ಬರೆಹ ಕಾಣಬರುತ್ತದೆ. ಮೊದಲನೆಯದು ಹಿತ್ತಾಳೆಯ ಫಲಕ. ಅದನ್ನು ಚಿಕ್ಕ ಮೊಳೆಗಳಿಂದ ಜಡಿದಿರುತ್ತಾರೆ. ಅದು ತಾಮ್ರಶಾಸನದಂತೆ, ಒಂದೆಡೆಯಿಂದ ಇನ್ನೊಂದೆಡೆಗೆ ಸುಲಭವಾಗಿ ಸಾಗುತ್ತದೆ. ಎರಡನೆಯದು ಲೋಹದ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ ಸಂಖ್ಯೆ. ಇದನ್ನು ಅಳಿಸಬಹುದು, ತಿದ್ದಬಹುದು. ಆದರೆ ತಿದ್ದಿದ ಗುರುತು ಉಳಿಯುತ್ತದೆ. ಮೂರನೆಯದು ಎರಕದಲ್ಲಿಯೇ ಮೂಡಿದ ಉಬ್ಬಕ್ಷರ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದಾಗಲೇ ಇದು ಹುಟ್ಟುವುದರಿಂದ ಬಂಡೆಯ ಮೇಲಣ ಶಾಸನದಷ್ಟು ಗಟ್ಟಿಯಾದುದು. ಎರಕದ ಮನೆಯ ಚಿಹ್ನೆ, ಭಾಗದ ಸಂಖ್ಯೆ, ಕೆಲವೊಮ್ಮೆ ಎರಕ ಹೊಯ್ದ ದಿನಾಂಕ ಇವು ಹೀಗೆ ಮೂಡಿರುತ್ತವೆ.

ಇವುಗಳ ಬೆಲೆ ಎಷ್ಟೆಂಬುದಕ್ಕೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಒಳ್ಳೆಯ ನಿದರ್ಶನ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿಗೆ ಬಹುಕಾಲ ಎಂಜಿನ್ನಿನ ಸಂಖ್ಯೆಯೇ ಕಾರಿನ ಸಂಖ್ಯೆಯೂ ಆಗಿದ್ದಿತು. ಎಂಜಿನ್ನಿನ ಎಡಪಕ್ಕದಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಅದನ್ನು ಒತ್ತುತ್ತಿದ್ದರು. ಕಾರ್ಖಾನೆಯ ದಾಖಲೆಗಳ ನೆರವಿನಿಂದ ಆ ಸಂಖ್ಯೆ ಯಾವ ತಿಂಗಳಿನದೆಂದು ಹೇಳಬಹುದು. ಹಲವು ವರ್ಷಗಳ ಎಂಜಿನ್ನುಗಳ ಮೇಲೆ ಎರಕ ಹೊಯ್ದ ತಿಂಗಳು, ದಿನ, ವರ್ಷಗಳೂ ಉಬ್ಬಂಕಿಗಳಲ್ಲಿ ಇವೆ.

ಈ ಎರಡು ಸಾಕ್ಷ್ಯಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಎರಕ ಮೊದಲು, ಜೋಡಣೆ ಆಮೇಲೆ. ಸಂಖ್ಯೆಯನ್ನು ಒತ್ತುವುದು ಜೋಡಣೆಯ ಕಾಲದಲ್ಲಿ. ಆದುದರಿಂದ ಎರಕದ ದಿನಾಂಕ ಸಂಖ್ಯೆಯ ದಿನಾಂಕಕ್ಕಿಂತ ತುಸು ಹಿಂದಿನದಾಗಿರಬೇಕು. ಸಂಖ್ಯೆಯು 1919ನೆಯ ವರ್ಷವನ್ನು ಸೂಚಿಸಿ, ಎರಕ 1923 ಎಂದು ಹೇಳಿದರೆ ಏನರ್ಥ? ಮಗುವಿಗೆ ಹುಟ್ಟುವುದಕ್ಕೆ ಮೊದಲೇ ನಾಮಕರಣ ನಡೆದಂತಾಯಿತು! ಇದು ಮೋಸವೇ ಆಗಿರಬೇಕೆಂದಿಲ್ಲ. ಎಂಜಿನ್ನಿನ ಮೈ ಒಡೆದಾಗ ಕಂಪನಿಯು ಸಂಖ್ಯೆಯಿಲ್ಲದ ಹೊಸ ಎರಕವನ್ನು ಕಳುಹಿಸುತ್ತಿತ್ತು. ಮಾರಾಟಗಾರನು ಅದರ ಮೇಲೆ ಹಳೆಯ ಸಂಖ್ಯೆಯನ್ನೇ ಒತ್ತುತ್ತಿದ್ದನು. ಸಂಖ್ಯೆ ನಿಜವೇ, ಎರಕವೂ ನಿಜವೇ. ಅವೆರಡೂ ಒಂದೇ ಕಾಲದವೆಂಬ ಊಹೆಯೊಂದೇ ತಪ್ಪು. ಕಾರಿನ ತಯಾರಿಕೆ 1927ರಲ್ಲಿ ನಿಂತ ಮೇಲೂ ಈ ಎಂಜಿನ್ನಿನ ತಯಾರಿಕೆ 1941ರವರೆಗೆ ನಡೆಯಿತೆಂಬುದನ್ನೂ ನೆನಪಿನಲ್ಲಿಡಬೇಕು.

ಇಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಸಂಗತಿಯುಂಟು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ನಾಡುಗಳಿಗೆ ಫೋರ್ಡ್ ಕಾರುಗಳು ಬಹುಮಟ್ಟಿಗೆ ಬರುತ್ತಿದ್ದುದು ಅಮೆರಿಕದಿಂದಲ್ಲ, ಕೆನಡದ ಶಾಖೆಯಿಂದ. ಸಾಮ್ರಾಜ್ಯದೊಳಗಿನ ಸರಕಿಗೆ ಸುಂಕದ ರಿಯಾಯಿತಿ ಇದ್ದುದೇ ಇದಕ್ಕೆ ಕಾರಣ. 1926ರಲ್ಲಿ ಭಾರತದಲ್ಲಿ ಸ್ಥಾಪಿತವಾದ ಫೋರ್ಡ್ ಸಂಸ್ಥೆಯೂ ಕೆನಡದ ಕಂಪನಿಯ ಅಂಗವೇ ಆಗಿದ್ದಿತು. ಕೆನಡದ ಎಂಜಿನ್ನುಗಳಿಗೆ ಬೇರೆಯ ಸಂಖ್ಯಾಶ್ರೇಣಿ ಇದ್ದು, ಸಂಖ್ಯೆಯ ಜೊತೆಗೆ ಸಿ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತುವ ರೂಢಿ ಬೆಳೆಯಿತು. ಇದನ್ನರಿಯದೆ ಅಮೆರಿಕದ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ಹುಡುಕಿದರೆ ಎಂಜಿನ್ನಿನ ವಯಸ್ಸು ತಪ್ಪಾಗುತ್ತದೆ.

ಬರೆಹವೇ ಇಲ್ಲದ ಎಂಜಿನ್ನಾದರೆ ಅಳತೆಗೆ ಮೊರೆಹೋಗಬೇಕು. ಸಿಲಿಂಡರುಗಳು ಎಷ್ಟು, ಕವಾಟಗಳು ಎಲ್ಲಿವೆ, ಸಿಲಿಂಡರಿನ ಒಳವ್ಯಾಸ ಎಷ್ಟು, ಅದರೊಳಗೆ ಪಿಸ್ಟನ್ ಚಲಿಸುವ ದೂರ ಎಷ್ಟು ಎಂಬಿವೇ ಮುಖ್ಯವಾದುವು. ಒಳವ್ಯಾಸ 69.5 ಮಿಲಿಮೀಟರ್, ಚಲನದೂರ 102 ಮಿಲಿಮೀಟರ್, ಸಿಲಿಂಡರುಗಳು ನಾಲ್ಕು ಎಂದಿಟ್ಟುಕೊಂಡರೆ, ವೃತ್ತದ ಕ್ಷೇತ್ರಫಲವನ್ನು ಚಲನದೂರದಿಂದಲೂ ಬಂದ ಲಬ್ಧವನ್ನು ನಾಲ್ಕರಿಂದಲೂ ಗುಣಿಸಿದಾಗ ಸುಮಾರು 1,548 ಘನ ಸೆಂಟಿಮೀಟರ್ ಎಂದಾಗುತ್ತದೆ. ಹಳೆಯ ಕಾರುಗಳ ಪಟ್ಟಿಯನ್ನು ತೆರೆದರೆ ಈ ಅಳತೆಗಳು ಇಂಗ್ಲೆಂಡಿನ ಮಾರಿಸ್ ಕೌಲಿ ಕಾರಿನ ಎಂಜಿನ್ನಿನವೆಂದು ತಿಳಿಯುತ್ತದೆ. ಅಳತೆಗಳಲ್ಲಿಯೂ ಚಲನದೂರವು ಹೆಚ್ಚು ನಂಬಿಕೆಗೆ ಅರ್ಹವಾದುದು. ಸವೆದ ಸಿಲಿಂಡರನ್ನು ಕೊರೆದು ಅಗಲಗೊಳಿಸುವುದು ವಾಡಿಕೆಯಾದುದರಿಂದ ಒಳವ್ಯಾಸ ಕಾಲಕ್ರಮದಲ್ಲಿ ಹೆಚ್ಚುತ್ತದೆ. ಕ್ರ್ಯಾಂಕ್ ದಂಡದ ಬಾಗಿನಿಂದ ನಿಗದಿಯಾಗುವ ಚಲನದೂರ ಬದಲಾಗುವುದಿಲ್ಲ.

ಅಳತೆಗಳ ಪ್ರಮಾಣದಿಂದಲೇ ಒಮ್ಮೊಮ್ಮೆ ದೇಶವನ್ನು ಊಹಿಸಬಹುದು. ಇಂಗ್ಲೆಂಡಿನಲ್ಲಿ 1921ರಿಂದ ಕಾರಿನ ತೆರಿಗೆ ಪ್ರತಿ ಅಶ್ವಶಕ್ತಿಗೆ ಒಂದು ಪೌಂಡಿನಂತೆ ಇದ್ದಿತು. ಆ ಅಶ್ವಶಕ್ತಿಯಾದರೋ ನಿಜವಾದ ಬಲವಲ್ಲ. ಸಿಲಿಂಡರಿನ ಒಳವ್ಯಾಸ ಮತ್ತು ಸಿಲಿಂಡರುಗಳ ಸಂಖ್ಯೆಗಳಿಂದ ಲೆಕ್ಕ ಹಾಕಿದ್ದು. ಚಲನದೂರಕ್ಕೆ ಆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ಆದುದರಿಂದ ಇಂಗ್ಲೆಂಡಿನ ತಯಾರಕರು ಕಿರಿದಾದ ಒಳವ್ಯಾಸ, ಉದ್ದನೆಯ ಚಲನದೂರಗಳ ಎಂಜಿನ್ನುಗಳನ್ನು ರೂಪಿಸಿದರು. ಮೂರೂಮುಕ್ಕಾಲು ಅಂಗುಲ ಒಳವ್ಯಾಸ, ನಾಲ್ಕು ಅಂಗುಲ ಚಲನದೂರಗಳ ಮಾಡೆಲ್ ಟಿ ಎಂಜಿನ್ ಈ ಲೆಕ್ಕದಲ್ಲಿ 22.5 ಅಶ್ವಶಕ್ತಿಯಾದರೆ, ಮಾರಿಸ್ ಕೌಲಿ ಕೇವಲ 11.9. ಸರ್ಕಾರದ ಸುಂಕವೊಂದು ಕಬ್ಬಿಣದ ಆಕಾರವನ್ನೇ ಬದಲಿಸಿದ ಬಗೆ ಇದು.

ಆದರೂ ಅಳತೆ ಎಂಜಿನ್ನಿನ ವಂಶವನ್ನು ಹೇಳೀತೇ ಹೊರತು ಹುಟ್ಟಿದ ಮನೆಯನ್ನು ಹೇಳಲಾರದು. ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಎಂಬ ಚಿಕ್ಕ ಕಾರನ್ನು ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ 1927ರಿಂದ ಪರವಾನಗಿ ಪಡೆದು ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಿಸಿದರು. ಮರುವರ್ಷ ಆ ಕಾರ್ಖಾನೆಯನ್ನು ಬಿ.ಎಂ.ಡಬ್ಲ್ಯು. ಸಂಸ್ಥೆ ಕೊಂಡಿತು; ಆ ಪ್ರಸಿದ್ಧ ಸಂಸ್ಥೆ ಕಾರು ತಯಾರಿಕೆಗೆ ಇಳಿದುದು ಹೀಗೆ. ಫ್ರಾನ್ಸಿನ ರೋಜೆಂಗಾರ್, ಅಮೆರಿಕದ ಅಮೆರಿಕನ್ ಆಸ್ಟಿನ್ ಕಂಪನಿಗಳೂ ಇದೇ ಕಾರನ್ನು ತಮ್ಮ ನಾಡುಗಳಲ್ಲಿ ಕಟ್ಟಿದುವು. ಒಂದೇ ವಂಶ, ನಾಲ್ಕು ತೊಟ್ಟಿಲು! ಇವುಗಳನ್ನು ಬೇರ್ಪಡಿಸುವುದು ಹೇಗೆ?

ಇಲ್ಲಿ ಅತಿ ಚಿಕ್ಕದೊಂದು ಸಾಕ್ಷಿ ನೆರವಿಗೆ ಬರುತ್ತದೆ. ಅದು ಬೋಲ್ಟುಗಳ ಮೈಮೇಲಿನ ತಿರುಪಿನ ಸುತ್ತು, ಅಂದರೆ ಥ್ರೆಡ್. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ತಿರುಪಿನ ಸುತ್ತುಗಳಿಗೆ ಒಂದು ಕ್ರಮವನ್ನು ಸೂಚಿಸಿದನು. ಅದರಲ್ಲಿ ಸುತ್ತಿನ ಕೋನ 55 ಅಂಶ, ಅಳತೆ ಅಂಗುಲಗಳಲ್ಲಿ. ಯೂರೋಪಿನ ಮೆಟ್ರಿಕ್ ಕ್ರಮದಲ್ಲಿ ಕೋನ 60 ಅಂಶ, ಅಳತೆ ಮಿಲಿಮೀಟರುಗಳಲ್ಲಿ. ಅಮೆರಿಕದಲ್ಲಿ ಕೋನ 60 ಅಂಶವೇ ಆದರೂ ಅಳತೆ ಅಂಗುಲ. ಗರಗಸದಂತೆ ಹಲ್ಲುಗಳಿರುವ ತಗಡಿನ ಅಳತೆಪಟ್ಟಿಯೊಂದನ್ನು ಸುತ್ತುಗಳ ಮೇಲಿಟ್ಟು ಬೆಳಕಿಗೆ ಹಿಡಿದರೆ ಯಾವ ಕ್ರಮವೆಂಬುದು ಗೊತ್ತಾಗುತ್ತದೆ. ಆಸ್ಟಿನ್ ಸೆವೆನ್ನನ್ನು ಹೆಚ್ಚುಕಡಮೆ ಇದ್ದಂತೆಯೇ ತಯಾರಿಸಿದ ಜರ್ಮನರು ಬೋಲ್ಟುಗಳನ್ನು ಮಾತ್ರ ಮೆಟ್ರಿಕ್ ಕ್ರಮಕ್ಕೆ ಬದಲಾಯಿಸಿಕೊಂಡಿದ್ದರು. ಪರನಾಡಿಗೆ ಹೋದವನು ಅಲ್ಲಿಯ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೂ ತಾಯ್ನುಡಿಯ ಛಾಯೆ ಮಾತಿನಲ್ಲಿ ಉಳಿಯುವಂತೆ, ಯಂತ್ರದ ಉಚ್ಚಾರಣೆ ಅದರ ತಿರುಪಿನ ಸುತ್ತುಗಳಲ್ಲಿ ಉಳಿಯುತ್ತದೆ.

ಈ ಸಾಕ್ಷಿಯೂ ಒಂಟಿಯಾಗಿ ನಿಂತರೆ ದಾರಿ ತಪ್ಪಿಸೀತು. ಮೇಲೆ ಹೇಳಿದ ಮಾರಿಸ್ ಕೌಲಿ ಎಂಜಿನ್ನೇ ಇದಕ್ಕೆ ನಿದರ್ಶನ. ಅದನ್ನು ಬಿಚ್ಚಲು ಹೊರಟವನಿಗೆ ವಿಚಿತ್ರವೊಂದು ಎದುರಾಗುತ್ತದೆ. ಬೋಲ್ಟಿನ ತಲೆಗೆ ಹಿಡಿಯುವುದು ವಿಟ್ವರ್ತ್ ಅಳತೆಯ ಸ್ಪ್ಯಾನರ್. ಹೊರತೆಗೆದ ಬೋಲ್ಟಿನ ಸುತ್ತುಗಳಾದರೋ ಮೆಟ್ರಿಕ್! ತಲೆ ಇಂಗ್ಲೆಂಡಿನದು, ಮೈ ಫ್ರಾನ್ಸಿನದು. ಸುತ್ತುಗಳನ್ನಷ್ಟೇ ನೋಡಿದವನು ಇದನ್ನು ಫ್ರೆಂಚ್ ಎಂಜಿನ್ ಎಂದುಬಿಡುತ್ತಾನೆ. ತಲೆಗಳನ್ನಷ್ಟೇ ನೋಡಿದವನು ಇಂಗ್ಲಿಷ್ ಎನ್ನುತ್ತಾನೆ. ಇನ್ನು ವಿನ್ಯಾಸವನ್ನು ನೋಡಿದವನು ಅಮೆರಿಕದ್ದೆಂದು ಹೇಳಿದರೆ ಅದೂ ಸುಳ್ಳಲ್ಲ.

ಇದರ ಹಿಂದಿನ ಕಥೆ ಹೀಗಿದೆ. ಆಕ್ಸ್‌ಫರ್ಡಿನಲ್ಲಿ ಕಾರು ತಯಾರಿಸುತ್ತಿದ್ದ ವಿಲಿಯಂ ಮಾರಿಸ್ ಅಗ್ಗದ ಕಾರೊಂದನ್ನು ಹೊರತರಬೇಕೆಂದು ಬಯಸಿದನು. ಇಂಗ್ಲೆಂಡಿನಲ್ಲಿ ದೊರೆಯದಷ್ಟು ಕಡಮೆ ಬೆಲೆಗೆ ಅಮೆರಿಕದ ಕಾಂಟಿನೆಂಟಲ್ ಸಂಸ್ಥೆಯ ಎಂಜಿನ್ ದೊರೆಯುತ್ತಿತ್ತು. 1915ರಲ್ಲಿ ಹೊರಬಂದ ಮಾರಿಸ್ ಕೌಲಿ ಕಾರಿಗೆ ಅದನ್ನೇ ಅಳವಡಿಸಲಾಯಿತು. ಆದರೆ ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಿತು. ಜಲಾಂತರ್ಗಾಮಿಗಳ ಹಾವಳಿಯಿಂದ ಸಾಗರದ ದಾರಿ ಅಪಾಯಕರವಾಯಿತು. ಹೊರನಾಡಿನ ಮೋಟಾರು ಸರಕಿನ ಮೇಲೆ ಭಾರಿ ಸುಂಕವೂ ಬಿದ್ದಿತು. ಯುದ್ಧ ಮುಗಿದಾಗ ಕಾಂಟಿನೆಂಟಲ್ ಸಂಸ್ಥೆ ಆ ಮಾದರಿಯ ತಯಾರಿಕೆಯನ್ನು ಕೈಬಿಟ್ಟಿದ್ದಿತು. ಮಾರಿಸ್ ಬೇರೆ ತಯಾರಕರನ್ನು ಹುಡುಕಬೇಕಾಯಿತು.

ಅದೇ ಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಎಂಬ ಶಸ್ತ್ರಾಸ್ತ್ರ ಸಂಸ್ಥೆ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಮೆಷಿನ್ ಗನ್ನುಗಳ ಕಾರ್ಖಾನೆಯನ್ನು ತೆರೆದಿದ್ದಿತು. ಯುದ್ಧ ಮುಗಿದೊಡನೆ ಅದಕ್ಕೆ ಕೆಲಸವಿಲ್ಲದಾಯಿತು. ಎಂಜಿನ್ ಬೇಕಾದವನೊಬ್ಬ, ಕೆಲಸ ಬೇಕಾದ ಕಾರ್ಖಾನೆಯೊಂದು, ಇಬ್ಬರಿಗೂ ಒಪ್ಪಂದವಾಯಿತು. ಅಮೆರಿಕದ ವಿನ್ಯಾಸವನ್ನೇ ಅನುಸರಿಸಿ, ತುಸು ಹಿಗ್ಗಿಸಿ, ಹಾಚ್‌ಕಿಸ್ ಎಂಜಿನ್ನನ್ನು ತಯಾರಿಸತೊಡಗಿತು. ಆದರೆ ಅದರ ಯಂತ್ರೋಪಕರಣಗಳೆಲ್ಲ ಫ್ರಾನ್ಸಿನ ಮೆಟ್ರಿಕ್ ಕ್ರಮದವು. ಅವುಗಳನ್ನೆಲ್ಲ ಬದಲಾಯಿಸುವುದು ಬಲು ದುಬಾರಿಯ ಮಾತು. ಆದುದರಿಂದ ತಿರುಪಿನ ಸುತ್ತುಗಳು ಮೆಟ್ರಿಕ್ ಆಗಿಯೇ ಉಳಿದುವು. ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ಸ್ಪ್ಯಾನರುಗಳು ಹಿಡಿಯಲೆಂದು ಬೋಲ್ಟಿನ ತಲೆಗಳನ್ನು ಮಾತ್ರ ವಿಟ್ವರ್ತ್ ಅಳತೆಗೆ ಮಾಡಿದರು.

1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡನು. ಮೆಷಿನ್ ಗನ್ನು ಮರೆತುಹೋಯಿತು, ಹಾಚ್‌ಕಿಸ್ ಹೆಸರೂ ಎಂಜಿನ್ನಿನಿಂದ ಮರೆಯಾಯಿತು. ಆ ಸುತ್ತುಗಳು ಮಾತ್ರ ಹೋಗಲಿಲ್ಲ. ಮಾರಿಸ್ ಬಳಗಕ್ಕೆ ಸೇರಿದ ಎಂ.ಜಿ. ಸಂಸ್ಥೆ 1955ರವರೆಗೆ ತಯಾರಿಸಿದ ಟಿ ಮಾಲೆಯ ಚಿಕ್ಕ ಕಾರುಗಳ ಎಂಜಿನ್ನುಗಳಲ್ಲಿಯೂ ವಿಟ್ವರ್ತ್ ತಲೆಯ, ಮೆಟ್ರಿಕ್ ಮೈಯ ಬೋಲ್ಟುಗಳೇ ಇದ್ದುವು. ಭಾರತದಲ್ಲಿ 1942ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಮೊದಲು ಹೊರತಂದ ಹಿಂದೂಸ್ತಾನ್ ಟೆನ್ ಎಂಬುದು ಮಾರಿಸ್ ಟೆನ್ ಕಾರೇ ಆಗಿದ್ದಿತು. ಅದರ ಎಂಜಿನ್ನೂ ಈ ವಂಶಕ್ಕೆ ಸೇರಿದುದು. ಒಂದು ಬೋಲ್ಟಿನ ಸುತ್ತಿನಲ್ಲಿ ಒಂದು ಮಹಾಯುದ್ಧದ ನೆನಪು ಹೀಗೆ ಉಳಿದುಬಂದಿತು.

ಇನ್ನುಳಿದ ಸಾಕ್ಷಿಗಳು ಇಷ್ಟು ಬಲವಾದುವಲ್ಲ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇವುಗಳ ಮೇಲೆ ಬಾಷ್, ಲೂಕಸ್, ಜೆನಿತ್, ಸೋಲೆಕ್ಸ್ ಮುಂತಾದ ಹೆಸರುಗಳು ಎದ್ದುಕಾಣುತ್ತವೆ. ಹೊಸಬರು ಇವನ್ನೇ ಎಂಜಿನ್ನಿನ ಹೆಸರೆಂದು ಭ್ರಮಿಸುವುದುಂಟು. ಅವು ಆ ಬಿಡಿಭಾಗವನ್ನು ತಯಾರಿಸಿದವರ ಹೆಸರುಗಳು. ಮೇಲಾಗಿ ಅವುಗಳನ್ನು ಬಿಚ್ಚಿ ಬದಲಾಯಿಸುವುದು ಅರ್ಧ ದಿನದ ಕೆಲಸ. ತೊಟ್ಟ ಅಂಗಿಯಿಂದ ಮನುಷ್ಯನ ಊರನ್ನು ಊಹಿಸಿದಂತೆ ಇದು.

ಕಬ್ಬಿಣದ ಸಾಕ್ಷ್ಯವೆಲ್ಲ ಕೂಡಿದ ಮೇಲೆ ಕಾಗದದ ಸಾಕ್ಷ್ಯವನ್ನು ನೋಡಬೇಕು. ಕಾರ್ಖಾನೆಯ ದಾಖಲೆ ಪುಸ್ತಕ, ಮಾರಾಟದ ಪಟ್ಟಿ, ಹಳೆಯ ಕೈಪಿಡಿ, ನೋಂದಣಿಯ ಕಾಗದ, ಭಾವಚಿತ್ರ ಇವು ಆ ಬಗೆಯವು. ಬ್ರಿಟನ್ನಿನಲ್ಲಿ 1930ರಲ್ಲಿ ಸ್ಥಾಪಿತವಾದ ವೆಟರನ್ ಕಾರ್ ಕ್ಲಬ್ ಇಂಥ ಸಾಕ್ಷ್ಯಗಳನ್ನು ಪರಿಶೀಲಿಸಿ ಅತಿ ಹಳೆಯ ಕಾರುಗಳ ಕಾಲವನ್ನು ನಿರ್ಣಯಿಸುವ ಕೆಲಸವನ್ನು ಮಾಡುತ್ತಬಂದಿದೆ. ಲಂಡನ್ನಿನಿಂದ ಬ್ರೈಟನ್ನಿಗೆ ವರ್ಷವರ್ಷವೂ ನಡೆಯುವ ಹಳೆಯ ಕಾರುಗಳ ಯಾತ್ರೆಯಲ್ಲಿ 1905ಕ್ಕಿಂತ ಮೊದಲು ತಯಾರಾದ ಕಾರುಗಳಿಗೆ ಮಾತ್ರ ಪ್ರವೇಶ. ಒಂದು ವರ್ಷದ ವ್ಯತ್ಯಾಸವೂ ಅಲ್ಲಿ ದೊಡ್ಡದು.

ವ್ಯತ್ಯಾಸ ದೊಡ್ಡದಾದಲ್ಲಿ ಮೋಸದ ಆಸೆಯೂ ದೊಡ್ಡದು. ಸಾಧಾರಣ ಎಂಜಿನ್ನಿನ ಸಂಖ್ಯೆಯನ್ನು ತೇದುಹಾಕಿ ಪ್ರಸಿದ್ಧ ಎಂಜಿನ್ನಿನ ಸಂಖ್ಯೆಯನ್ನು ಒತ್ತುವವರಿದ್ದಾರೆ. ಆದರೆ ಲೋಹ ಅಷ್ಟು ಬೇಗ ಮರೆಯುವುದಿಲ್ಲ. ಅಚ್ಚನ್ನು ಹೊಡೆದಾಗ ಅಂಕಿಯ ಕೆಳಗಿನ ಲೋಹದ ಹರಳುಗಳೂ ನಲುಗುತ್ತವೆ. ಮೇಲ್ಮೈಯನ್ನು ತೇದರೂ ಆ ನಲುಗು ಒಳಗೆ ಉಳಿದಿರುತ್ತದೆ. ಉಕ್ಕಿನ ಮೇಲೆ ತಕ್ಕ ಆಮ್ಲದ್ರಾವಣವನ್ನು ಸವರಿದಾಗ ನಲುಗಿದ ಭಾಗವೂ ನಲುಗದ ಭಾಗವೂ ಬೇರೆಬೇರೆ ರೀತಿಯಲ್ಲಿ ಕರಗಿ, ಅಳಿಸಿದ ಅಂಕಿಗಳು ಮಸುಕಾಗಿ ಕಾಣಿಸಿಕೊಳ್ಳುತ್ತವೆ.

ಮೋಸವಿಲ್ಲದಿದ್ದರೂ ಪ್ರಶ್ನೆ ಕಠಿಣವಾಗುವುದುಂಟು. ಫ್ರಾನ್ಸಿನ ಲ ಮಾನ್ ಪಂದ್ಯವನ್ನು 1929 ಮತ್ತು 1930ರಲ್ಲಿ ಗೆದ್ದ ಬೆಂಟ್ಲಿ ಕಾರೊಂದಕ್ಕೆ ಓಲ್ಡ್ ನಂಬರ್ ಒನ್ ಎಂಬ ಹೆಸರು ನಿಂತಿದ್ದಿತು. ಮುಂದಿನ ಪಂದ್ಯಗಳಿಗಾಗಿ ಅದನ್ನು ಮತ್ತೆ ಮತ್ತೆ ಕಟ್ಟಲಾಯಿತು. ಆರೂವರೆ ಲೀಟರಿನ ಎಂಜಿನ್ನಿಗೆ ಬದಲಾಗಿ ಎಂಟು ಲೀಟರಿನ ಎಂಜಿನ್ ಬಂದಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಪಂದ್ಯದಲ್ಲಿ ಅಪಘಾತಕ್ಕೀಡಾಗಿ ಚಾಲಕ ಮಡಿದನು. ಆ ಬಳಿಕ ಕಾರನ್ನು ಮತ್ತೊಮ್ಮೆ ಕಟ್ಟಿದರು. ಇಷ್ಟೆಲ್ಲ ಬದಲಾದ ಮೇಲೆ ಅದು ಅದೇ ಕಾರೆ? ಸುಮಾರು ಒಂದು ಕೋಟಿ ಪೌಂಡುಗಳ ಮಾರಾಟದ ಒಪ್ಪಂದವೊಂದು ಈ ಪ್ರಶ್ನೆಯಿಂದಾಗಿ ಲಂಡನ್ನಿನ ನ್ಯಾಯಾಲಯವನ್ನು ಸೇರಿತು. 1990ರಲ್ಲಿ ನ್ಯಾಯಾಧೀಶರು ತೀರ್ಪನ್ನು ಕೊಟ್ಟರು. ಮೊದಲಿನ ಭಾಗಗಳಲ್ಲಿ ಉಳಿದಿರುವುದು ಬಹಳ ಸ್ವಲ್ಪವಾದರೂ, ಕಾರಿನ ಬಾಳು ಎಲ್ಲಿಯೂ ಕಡಿದುಹೋಗದೆ ಒಂದೇ ಎಳೆಯಾಗಿ ಸಾಗಿಬಂದಿರುವುದರಿಂದ ಆ ಹೆಸರಿಗೆ ಅದು ಅರ್ಹವೆಂಬುದು ಅದರ ಸಾರಾಂಶ. ನ್ಯಾಯಾಲಯ ಗಮನಿಸಿದುದು ಕೇವಲ ಲೋಹವನ್ನಲ್ಲ; ದಾಖಲೆಯಿಂದ ದಾಖಲೆಗೆ ಹರಿದುಬಂದ ಚರಿತ್ರೆಯನ್ನು.

ಇದರಿಂದ ಸ್ಪಷ್ಟವಾಗುವ ಅಂಶ ಒಂದು. ಹಳೆಯ ಎಂಜಿನ್ನಿನ ಮೂಲವನ್ನು ಯಾವ ಒಂದು ಸಾಕ್ಷಿಯೂ ತಾನೊಂದೇ ಹೇಳಲಾರದು. ಫಲಕ ಕಳಚುತ್ತದೆ, ಸಂಖ್ಯೆ ಬದಲಾಗುತ್ತದೆ, ಸಿಲಿಂಡರ್ ಸವೆಯುತ್ತದೆ, ಸುತ್ತುಗಳು ಬೇರೆ ದೇಶವನ್ನು ತೋರಿಸುತ್ತವೆ. ಇವೆಲ್ಲವನ್ನೂ ಒಟ್ಟಿಗೆ ನಿಲ್ಲಿಸಿ, ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸಿ, ಎಲ್ಲವೂ ಒಪ್ಪುವ ಉತ್ತರವನ್ನು ಮಾತ್ರ ಅಂಗೀಕರಿಸಬೇಕು. ಒಪ್ಪದಿರುವ ಸಾಕ್ಷಿಯನ್ನು ಬದಿಗೆ ತಳ್ಳುವುದು ಸುಲಭ. ಆದರೆ ಮಾರಿಸ್ ಎಂಜಿನ್ನಿನಲ್ಲಿ ಆ ಒಪ್ಪದ ಬೋಲ್ಟುಗಳೇ ನಿಜವಾದ ಕಥೆಯನ್ನು ತೆರೆದು ತೋರಿಸಿದುವು. ಧರ್ಮಸ್ಥಳದ ಕಾರುಗಳ ಸಂಗ್ರಹದಂಥ ಕಡೆಗಳಲ್ಲಿ ಹಳೆಯ ವಾಹನಗಳ ಮುಂದೆ ನಿಲ್ಲುವವರು ಹೊಳೆಯುವ ಬಣ್ಣವನ್ನೂ ಹಿತ್ತಾಳೆಯ ದೀಪಗಳನ್ನೂ ನೋಡಿ ಸಂತೋಷಪಡುವುದು ಸಹಜ. ಆ ಹೊಳಪಿನ ಹಿಂದೆ, ಎಣ್ಣೆಯ ಕಪ್ಪಿನಲ್ಲಿ, ಎರಕದವನೂ ಕಮ್ಮಾರನೂ ತಿರುಪು ಕೊರೆದವನೂ ಬಿಟ್ಟುಹೋದ ಗುರುತುಗಳಿವೆ. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಗುರುತುಗಳನ್ನು ತಾಳ್ಮೆಯಿಂದ, ಪ್ರಾಮಾಣಿಕವಾಗಿ ಓದುವುದೇ ಅವರ ದುಡಿಮೆಗೆ ಸಲ್ಲಿಸಬಹುದಾದ ಗೌರವ.